ಬ್ಲೇಜರಿಗೆ ಅಂಟಿದ ಉಪ್ಪಿನಕಾಯಿ: ಬೆಲ್ಜಿಯಮ್ಮಿನಲ್ಲಿ ಒಂದು ವರ್ಷ

ಬೆಲ್ಜಿಯಮ್ಮಿನಲ್ಲಿ ಒಂದು ವರ್ಷ ಇದ್ದು ಬಂದೆ ಅಂದರೆ ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕದ ಕಡೆಯವರು ಮೊದಲು ಕೇಳುವುದು, "ಚಾಕಲೇಟು ತಂದಿದ್ದೀಯಾ?" ಆಮೇಲೆ, "ಒಂದು ವರ್ಷ ಹಾಳಾಯ್ತಲ್ವಾ?" ಚಾಕಲೇಟು ತಂದಿದ್ದೆ, ಅದು ಮುಗಿದು ಎಷ್ಟೋ ಕಾಲ ಆಯಿತು. ವರ್ಷ ಹೋದದ್ದೂ ನಿಜ. ನಾನು ಪ್ಲಸ್ ಟು ಪರೀಕ್ಷೆ ಬರೆಯುವಾಗ ಎಸ್‌ಎಸ್‌ಎಲ್‌ಸಿಯಲ್ಲಿ ಪಕ್ಕದ ಬೆಂಚಿನಲ್ಲಿದ್ದವಳು ಕಾಲೇಜಿನಲ್ಲಿ ಒಂದು ವರ್ಷ ಮುಗಿಸಿದ್ದಳು. ಈಗಲೂ ಯಾರಾದರೂ ಮಕ್ಕಳನ್ನು ಕಳಿಸಬೇಕಾ ಅಂತ ಫೋನ್ ಮಾಡಿ ಕೇಳುತ್ತಾರೆ, ಅವರಿಗೆಲ್ಲ ಒಂದೇ ಸಲ ಹೇಳಿದಂತಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನಾನು ಹೋದದ್ದು ರೋಟರಿ ಯೂತ್ ಎಕ್ಸ್‌ಚೇಂಜ್‌ನಲ್ಲಿ. 15ರಿಂದ 19 ವರ್ಷದೊಳಗಿನ ಮಕ್ಕಳಿಗೆ ಅದು. ಬೇರೆ ದೇಶದ ಒಂದು ಮನೆಯಲ್ಲಿ ಆ ಮನೆಯ ಮಗುವಿನ ಹಾಗೆ ಇರಬೇಕು, ಅಲ್ಲಿನ ಶಾಲೆಗೆ ಹೋಗಬೇಕು. ಅಪ್ಪ ಅಮ್ಮ ರೋಟರಿಯಲ್ಲಿ ಇರಲೇಬೇಕು ಅಂತ ಇಲ್ಲ, ನಮ್ಮ ಅಪ್ಪನಿಗೆ ರೋಟರಿ ಅಂದರೆ ಪೇಟೆಯಲ್ಲಿ ಕಣ್ಣಿನ ಕ್ಯಾಂಪ್ ಮಾಡುವವರು ಅಂತ ಮಾತ್ರ ಗೊತ್ತಿತ್ತು. ಊಟ ವಸತಿಗೆ ದುಡ್ಡಿಲ್ಲ, ಮನೆಯವರು ಸುಮ್ನೆ ಇಟ್ಟುಕೊಳ್ಳುತ್ತಾರೆ, ಅಲ್ಲಿನ ಕ್ಲಬ್ಬಿನವರು ತಿಂಗಳಿಗೆ ಸ್ವಲ್ಪ ಕೈಖರ್ಚೂ ಕೊಡುತ್ತಾರೆ. ಆದರೆ ಟಿಕೆಟು, ವಿಮೆ, ವೀಸಾ ನಮ್ಮದೇ. ಆ ವರ್ಷದ ಅಡಿಕೆ ದುಡ್ಡು ಅದಕ್ಕೇ ಹೋಯಿತು. ಇದನ್ನು ಯಾರೂ ಮೊದಲೇ ಬಿಡಿಸಿ ಹೇಳುವುದಿಲ್ಲ, ಅದಕ್ಕೇ ಹೇಳಿದೆ.

ಅರ್ಜಿ ಸಣ್ಣದಲ್ಲ. ಡಾಕ್ಟರ ಸರ್ಟಿಫಿಕೇಟು, ಹಲ್ಲಿನ ಡಾಕ್ಟರದ್ದು ಬೇರೆ, ಶಾಲೆಯ ಅಂಕಪಟ್ಟಿ, ಫೋಟೊಗಳು, ಮತ್ತೆ ಇನ್ನೂ ಯಾರೆಂದೇ ಗೊತ್ತಿಲ್ಲದ ಆ ಮನೆಯವರಿಗೆ ಒಂದು ಪತ್ರ. ಆ ಪತ್ರವನ್ನು ನಾಲ್ಕು ಸಲ ಬರೆದೆ. ಮೊದಲ ಮೂರು ಸಲ ನಾನು ಎಷ್ಟು ಒಳ್ಳೆಯ ಹುಡುಗಿ ಅಂತ ಇತ್ತು. ನಾಲ್ಕನೇ ಸಲ ಬೇಜಾರಾಗಿ, ಬೆಳಿಗ್ಗೆ ಬೇಗ ಏಳಲು ಆಗುವುದಿಲ್ಲ, ನಾಯಿ ಅಂದರೆ ಇಷ್ಟ, ಬೆಕ್ಕು ಅಷ್ಟಕ್ಕಷ್ಟೇ, ಮೀನು ತಿನ್ನುತ್ತೇನೆ ಅಂತ ಬರೆದೆ. ಅದನ್ನೇ ಕಳಿಸಿದೆವು. ಸಂದರ್ಶನ ನನಗೆ ಮಾತ್ರ ಇರಲಿಲ್ಲ, ಅಪ್ಪ ಅಮ್ಮನನ್ನೂ ಕೂರಿಸಿ ಕೇಳಿದರು. "ಮಗಳು ಅಲ್ಲಿಂದ ಅಳುತ್ತಾ ಫೋನ್ ಮಾಡಿದರೆ ಏನು ಮಾಡುತ್ತೀರಿ?" ಅಂತ. ಅಪ್ಪ ಸ್ವಲ್ಪ ಯೋಚನೆ ಮಾಡಿ, "ಊಟ ಆಯ್ತಾ ಅಂತ ಕೇಳ್ತೇನೆ" ಅಂದರು. ನನ್ನ ಇಂಗ್ಲಿಷಿಗಿಂತ ಆ ಉತ್ತರದಿಂದಲೇ ನಾನು ಪಾಸಾದದ್ದು ಅಂತ ನನ್ನ ಅನುಮಾನ.

ಕಾಗದಪತ್ರದ ಕಷ್ಟ ಗಡಿನಾಡಿನವರಿಗೆ ಯಾವಾಗಲೂ ಒಂದು ಕೈ ಜಾಸ್ತಿ. ನಾನು ಹುಟ್ಟಿದ್ದು ಕುಂಬಳೆಯ ಆಸ್ಪತ್ರೆಯಲ್ಲಿ. ಜನನ ಪತ್ರದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಅದು 'ಕುಂಬ್ಲ', ಪಾಸ್‌ಪೋರ್ಟಿನಲ್ಲಿ 'ಕುಂಬ್ಳೆ'. ವೀಸಾ ಕೌಂಟರಿನಲ್ಲಿದ್ದವರು ಇವೆರಡೂ ಬೇರೆ ಬೇರೆ ಊರಾ ಅಂತ ಕೇಳಿದರು. ಒಂದೇ ಊರು ಸಾರ್, ಕನ್ನಡದಲ್ಲಿ ಹೀಗೆ ಹೇಳುತ್ತೇವೆ, ಮಲಯಾಳದಲ್ಲಿ ಹಾಗೆ ಹೇಳುತ್ತಾರೆ ಅಂದರೆ ಅವರಿಗೆ ತಲೆಗೆ ಹೋಗಲಿಲ್ಲ. ಎರಡೂ ಒಂದೇ ಅಂತ ವಕೀಲರಿಂದ ಅಫಿಡವಿಟ್ ಮಾಡಿಸಿಕೊಂಡು ಮತ್ತೆ ಹೋದೆವು. ನಾಲ್ಕು ತಿಂಗಳ ನಂತರ ಈ ಕುಂಬಳೆ ವಿಷಯ ಇನ್ನೊಂದು ಕಡೆ ನೆನಪಾಗಿ ಜೋರಾಗಿ ನಕ್ಕಿದ್ದೆ, ಅದನ್ನು ಆಮೇಲೆ ಹೇಳುತ್ತೇನೆ.

ಹೊರಡುವ ಮೊದಲು ತರಬೇತಿ ಇತ್ತು. ಅಲ್ಲಿ ನಾಲ್ಕು 'ಡಿ' ಬಾಯಿಪಾಠ ಮಾಡಿಸಿದರು: ಡ್ರಿಂಕಿಂಗ್, ಡ್ರಗ್ಸ್, ಡ್ರೈವಿಂಗ್, ಡೇಟಿಂಗ್. ನಾಲ್ಕೂ ಇಲ್ಲ. ಹೋಗುವವರು 'ಔಟ್‌ಬೌಂಡ್', ಬಂದವರು 'ಇನ್‌ಬೌಂಡ್', ಹೋಗಿ ವಾಪಸು ಬಂದವರು 'ರೀಬೌಂಡ್'. ಚೆಂಡಿನ ಹಾಗೆ. ಎಲ್ಲರಿಗೂ ಒಂದೊಂದು ಬ್ಲೇಜರ್. ಲೋಕದ ಎಲ್ಲಾ ಕಡೆಯ ಎಕ್ಸ್‌ಚೇಂಜ್ ಮಕ್ಕಳು ಸಿಕ್ಕಾಗ ಒಬ್ಬರಿಗೊಬ್ಬರು ಪಿನ್ ಕೊಟ್ಟು ಅದರ ಮೇಲೆ ಚುಚ್ಚಿಕೊಳ್ಳುವುದು ಪದ್ಧತಿ. ವರ್ಷದ ಕೊನೆಗೆ ಬ್ಲೇಜರ್ ಬಟ್ಟೆ ಕಾಣಬಾರದು, ಅದೇ ಗರ್ವ. ಉಳಿದವರು ಬಾವುಟದ ಪಿನ್ ಮಾಡಿಸಿದರು. ನಮ್ಮಪ್ಪ ಒಣಗಿದ ಅಡಿಕೆಯನ್ನು ತೆಳುವಾಗಿ ಅಡ್ಡ ಕತ್ತರಿಸಿ, ಒಳಗಿನ ಆ ಬಿಳಿ ಕಂದು ಗೆರೆಗಳು ಕಾಣುವ ಹಾಗೆ ತಿಕ್ಕಿ, ಹಿಂದಕ್ಕೆ ಸೇಫ್ಟಿ ಪಿನ್ ಅಂಟಿಸಿ ಎಂಬತ್ತು ಬಿಲ್ಲೆ ಮಾಡಿ ಕೊಟ್ಟರು. ಬೆಲ್ಜಿಯಮ್ಮಿನಲ್ಲಿ ಅದಕ್ಕೆ ಎಷ್ಟು ಬೇಡಿಕೆ ಬಂತೆಂದರೆ, ಬ್ರೆಜಿಲಿನವನೊಬ್ಬ ಒಂದು ಅಡಿಕೆಗೆ ಮೂರು ಪಿನ್ ಕೊಟ್ಟ. ಮಂಗಳೂರು ಮಾರ್ಕೆಟ್ಟಿನಲ್ಲಿ ಕೂಡ ಅಂಥ ಧಾರಣೆ ನಾನು ಕೇಳಿಲ್ಲ.

2018ರ ಆಗಸ್ಟ್ ಮೂರನೇ ವಾರ ಹೊರಟೆ. ಕೇರಳ ನೀರಿನಲ್ಲಿ ಮುಳುಗಿದ್ದ ವಾರ ಅದು. ಕೊಚ್ಚಿ ವಿಮಾನ ನಿಲ್ದಾಣ ಮುಚ್ಚಿತ್ತು, ಈಚೆ ಕೊಡಗಿನ ಜೋಡುಪಾಲದಲ್ಲಿ ಗುಡ್ಡ ಜರಿದಿತ್ತು. ನಾವು ಮಂಗಳೂರಿನಿಂದ ಹೋಗುವವರಾದ್ದರಿಂದ ಬಚಾವು. ಬ್ರಸೆಲ್ಸಿನಲ್ಲಿ ಇಳಿದು ಬ್ಯಾಗ್ ತೆರೆದರೆ ಅಮ್ಮ ಕಟ್ಟಿಕೊಟ್ಟ ಮಿಡಿ ಉಪ್ಪಿನಕಾಯಿ ಬಾಟಲಿ ಸೋರಿ ಬ್ಲೇಜರಿನ ಎಡಗಡೆಗೆ ಅಂಗೈ ಅಗಲದ ಎಣ್ಣೆ ಕಲೆ. ಹೊರಗೆ ಹೋಸ್ಟ್ ಅಮ್ಮ, ಹೋಸ್ಟ್ ಅಪ್ಪ, ಕ್ಲಬ್ಬಿನ ಇಬ್ಬರು ಹೂ ಹಿಡಿದು ನಿಂತಿದ್ದಾರೆ. ಬೇರೆ ದಾರಿ ಇಲ್ಲದೆ ಅದನ್ನೇ ಹಾಕಿಕೊಂಡು ಹೋದೆ. ಹೋಸ್ಟ್ ಅಮ್ಮ ಅಪ್ಪಿಕೊಂಡವಳು ಮೂಗು ಹತ್ತಿರ ತಂದು ಒಂದು ಸಲ ಉಸಿರೆಳೆದಳು. ಪಾಪ, ಏನೂ ಹೇಳಲಿಲ್ಲ. ಕಾರಿನ ಕಿಟಕಿ ಮಾತ್ರ ಊರು ತಲುಪುವವರೆಗೆ ತೆರೆದೇ ಇತ್ತು.

ಊರಿನ ಹೆಸರು ಓಯ್ಪನ್. ಬೆಲ್ಜಿಯಮ್ಮಿನ ಪೂರ್ವದ ಅಂಚು. ಆ ಕಡೆ ಜರ್ಮನಿ, ಸ್ವಲ್ಪ ಉತ್ತರಕ್ಕೆ ಹೋದರೆ ನೆದರ್ಲೆಂಡ್ಸ್. ಬೆಲ್ಜಿಯಮ್ಮಿನಲ್ಲಿ ಡಚ್, ಫ್ರೆಂಚ್ ಇದೆ ಅಂತ ನಾನೂ ಓದಿಕೊಂಡು ಹೋಗಿದ್ದೆ, ಮೊಬೈಲಿನಲ್ಲಿ ಎರಡು ತಿಂಗಳು ಫ್ರೆಂಚ್ ಕಲಿತಿದ್ದೆ. ಅಲ್ಲಿ ನೋಡಿದರೆ ಎಲ್ಲರೂ ಜರ್ಮನ್ ಮಾತಾಡುತ್ತಾರೆ. ಜರ್ಮನ್ ಅಲ್ಲಿ ಮೂರನೇ ಅಧಿಕೃತ ಭಾಷೆ. ಅದನ್ನಾಡುವ ಒಂಬತ್ತು ಪಟ್ಟಣ ಪಂಚಾಯಿತಿಗಳಿವೆ, ಎಲ್ಲಾ ಸೇರಿ ಸುಮಾರು 80 ಸಾವಿರ ಜನ.

ಮೂರನೇ ದಿನ ಟೌನ್‌ಹಾಲಿಗೆ ಹೆಸರು ನೋಂದಾಯಿಸಲು ಕರೆದುಕೊಂಡು ಹೋದರು. ಕೌಂಟರಿನ ಹೆಂಗಸು ತಲೆ ಎತ್ತಿ ಕೇಳಿದ ಮೊದಲ ಮಾತು, "ಜರ್ಮನ್ನಾ, ಫ್ರೆಂಚಾ?" ಫಾರಂ ಯಾವ ಭಾಷೆಯದ್ದು ಕೊಡಲಿ ಅಂತ. ಆ ಒಂಬತ್ತು ಊರಿನಲ್ಲಿ ಫ್ರೆಂಚ್ ಮಾತಾಡುವವರು ಕಡಿಮೆ, ಆದರೂ ಅವರ ಭಾಷೆಯಲ್ಲಿ ಕಾಗದ ಕೊಡಬೇಕು ಅಂತ ಕಾನೂನು. ನನ್ನ ಪಕ್ಕದ ಸಾಲಿನಲ್ಲಿ ಒಬ್ಬ ಅಜ್ಜ ಫ್ರೆಂಚಿನಲ್ಲಿ ಕೇಳಿದ, ಅವಳು ಫ್ರೆಂಚ್ ಫಾರಂ ಕೊಟ್ಟಳು, ಅವನು ತುಂಬಿಸಿ ಹೋದ. ಜಗಳ ಇಲ್ಲ, ಮನವಿ ಪತ್ರ ಇಲ್ಲ, ಧರಣಿ ಇಲ್ಲ. ಕಾಸರಗೋಡಿನಿಂದ ಹೋದ ನಾನು ಅದನ್ನು ಬಾಯಿ ಬಿಟ್ಟುಕೊಂಡು ನೋಡಿದೆ. ನೋಂದಣಿ ಮಾಡಿದ ಮೇಲೆ ಆ ವಿಳಾಸದಲ್ಲಿ ನಿಜವಾಗಿ ಇದ್ದೀಯಾ ಅಂತ ನೋಡಲು ಪೊಲೀಸರು ಮನೆಗೆ ಬರುತ್ತಾರೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಬಾಗಿಲು ತೆರೆದರೆ ಯೂನಿಫಾರ್ಮು! ಒಂದು ನಿಮಿಷ ನಾಲ್ಕು ಡಿಗಳಲ್ಲಿ ಯಾವುದನ್ನು ಮುರಿದೆ ಅಂತ ಲೆಕ್ಕ ಹಾಕಿದೆ. ಅವನು ಕಾಫಿ ಕುಡಿದು ಹೋದ.

ಮೊದಲ ಎರಡು ತಿಂಗಳು ತಲೆನೋವು. ಸುಮ್ನೆ ಹೇಳುವ ಮಾತಲ್ಲ, ನಿಜವಾದ ತಲೆನೋವು. ದಿನವಿಡೀ ಅರ್ಥವಾಗದ ಭಾಷೆ ಕೇಳಿ ಕೇಳಿ ಸಂಜೆ ನಾಲ್ಕಕ್ಕೆ ಹಾಸಿಗೆಗೆ ಬೀಳುತ್ತಿದ್ದೆ. ಬುಧವಾರ ಮಧ್ಯಾಹ್ನ ಶಾಲೆ ಇರುವುದಿಲ್ಲ, ಬೆಲ್ಜಿಯಮ್ಮಿನಲ್ಲಿ ಎಲ್ಲಾ ಕಡೆ ಹಾಗೇ, ಆ ಅರ್ಧ ದಿನಕ್ಕೆ ಕಾಯುತ್ತಿದ್ದೆ. ನಮ್ಮಲ್ಲಿ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮಲಯಾಳ, ಹೀಗೆ ನಾಲಿಗೆ ತಿರುಗಿಸಿ ಅಭ್ಯಾಸ ಇದ್ದವಳು ನಾನು, ಹಾಗಾಗಿ ಭಾಷೆಯ ಬಗ್ಗೆ ಸ್ವಲ್ಪ ಸೊಕ್ಕಿತ್ತು. ಅದು ಇಳಿಯಿತು. ಆ ಭಾಷೆಗಳನ್ನೆಲ್ಲ ನಾನು ಕಲಿತದ್ದೇ ಅಲ್ಲ, ಮಳೆಗೆ ಒದ್ದೆಯಾದ ಹಾಗೆ ಅವು ಬಂದದ್ದು. ಕೂತು ಕಲಿಯುವುದು ಬೇರೆಯೇ ಕೆಲಸ. ಆಗ ನನ್ನನ್ನು ಉಳಿಸಿದ್ದು ಎರಡು ಮಾತು. ಒಂದು 'ನೋಹ್ ಮಾಲ್', ಅಂದರೆ ಇನ್ನೊಮ್ಮೆ ಹೇಳಿ ಅಂತ. ಇನ್ನೊಂದು 'ಗೆನೌ', ಅಂದರೆ ಹೌದು ಅದೇ. ಅರ್ಥವಾಗದಿದ್ದರೆ ಮೊದಲನೆಯದು, ಮೂರು ಸಲವೂ ಅರ್ಥವಾಗದಿದ್ದರೆ ಎರಡನೆಯದು.

ಹೋದ ಕೂಡಲೇ ಟಿವಿಯಲ್ಲಿ ಕೇರಳ. ದೋಣಿ, ಹೆಲಿಕಾಪ್ಟರ್, ಮಾಡಿನ ಮೇಲೆ ನಿಂತ ಜನ. ಬೀದಿಯಲ್ಲಿ ಗುರುತಿಲ್ಲದವರೂ ನಿಲ್ಲಿಸಿ ನಿಮ್ಮ ಮನೆ ಇದೆಯಾ ಅಂತ ಕೇಳಿದರು. ನಮ್ಮ ಜಿಲ್ಲೆಗೆ ಅಷ್ಟು ಹಾನಿ ಆಗಿರಲಿಲ್ಲ. ಇದೆ ಅಂತ ಹೇಳಲು ಏನೋ ನಾಚಿಕೆಯಾಗುತ್ತಿತ್ತು.

ಈಗ ಆ ಕುಂಬಳೆ ವಿಷಯ. ಡಿಸೆಂಬರಿನ ಒಂದು ಭಾನುವಾರ ಲ್ಯೂವೆನ್‌ನಲ್ಲಿ ನನ್ನ ಹಾಗೇ ಬಂದಿದ್ದ ಗೆಳತಿಯನ್ನು ನೋಡಿ ವಾಪಸು ಹೊರಟಿದ್ದೆ. ಲ್ಯೂವೆನ್ ಡಚ್ ಭಾಗ. ಹೋಸ್ಟ್ ಅಮ್ಮ ಮೆಸೇಜು ಕಳಿಸಿದ್ದಳು, 'ಲ್ಯುಟಿಶ್‌ಗೆ ಹೋಗುವ ರೈಲು ಹತ್ತು, ಅಲ್ಲಿಂದ ನಾನು ಕಾರಿನಲ್ಲಿ ಕರೆದುಕೊಂಡು ಬರುತ್ತೇನೆ.' ಬೋರ್ಡು ನೋಡುತ್ತೇನೆ, ಲ್ಯುಟಿಶ್ ಇಲ್ಲ. ಅದಕ್ಕೆ ಫ್ರೆಂಚಿನಲ್ಲಿ ಲೀಯೇಜ್ ಅನ್ನುತ್ತಾರೆ ಅಂತಲೂ ಗೊತ್ತಿತ್ತು, ಅದೂ ಇಲ್ಲ. 'ಲುಯಿಕ್' ಅಂತ ಬರೆದ ರೈಲು ಕಣ್ಣೆದುರೇ ಬಂತು, ಬಾಗಿಲು ತೆರೆಯಿತು, ಮುಚ್ಚಿತು, ಹೋಯಿತು. ಚಳಿ ಅಂದರೆ ಚಳಿ, ಕಾಲಿನ ಬೆರಳು ಇದೆಯೋ ಇಲ್ಲವೋ ಅನ್ನುವಷ್ಟು. ಪಕ್ಕದ ಬೆಂಚಿನ ಹುಡುಗನನ್ನು ಕೇಳಿದರೆ, "ಈಗ ಹೋಯಿತಲ್ಲ, ಅದೇ" ಅಂದ. ಡಚ್ಚಿನಲ್ಲಿ ಅದು ಲುಯಿಕ್ ಅಂತೆ! ಮಂಗಳೂರನ್ನು ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ, ಬ್ಯಾರಿಯಲ್ಲಿ ಮೈಕಾಲ, ಮಲಯಾಳದಲ್ಲಿ ಮಂಗಲಾಪುರಂ ಅನ್ನುವ ಜಾಗದಿಂದ ಹೋದವಳು, ಕುಂಬಳೆಗೆ ಅಫಿಡವಿಟ್ ಮಾಡಿಸಿದವಳು ಈ ರೈಲು ಬಿಟ್ಟುಕೊಳ್ಳುವುದಾ ಅಂತ ಪ್ಲಾಟ್‌ಫಾರ್ಮಿನಲ್ಲಿ ಒಬ್ಬಳೇ ನಿಂತು ನಕ್ಕೆ. ಆ ಹುಡುಗ ಸ್ವಲ್ಪ ದೂರ ಸರಿದು ಕೂತ.

ಕ್ಲಬ್ಬಿನಲ್ಲಿ ನಮ್ಮ ದೇಶದ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಬೇಕು, ಇದು ಎಲ್ಲರಿಗೂ ಕಡ್ಡಾಯ. ನಾನು ತಾಜಮಹಲು, ಹುಲಿ, ಹೋಳಿ ಎಲ್ಲಾ ಹಾಕಿ ಸ್ಲೈಡ್ ಮಾಡಿದ್ದೆ. ಮನೆಯಲ್ಲಿ ಒಮ್ಮೆ ಓದಿ ತೋರಿಸಿದಾಗ ಹೋಸ್ಟ್ ಅಪ್ಪ, "ತಾಜಮಹಲಿನ ಒಳಗೆ ಹೇಗಿದೆ?" ಅಂತ ಕೇಳಿದ. ನೋಡಿಲ್ಲ ಅಂದೆ. "ಹುಲಿ?" ಪಿಲಿಕುಳದ ಗೂಡಿನಲ್ಲಿ. "ಹೋಳಿ ಆಡಿದ್ದೀಯಾ?" ನಮ್ಮ ಕಡೆ ಇಲ್ಲ. ಅವನು ಮತ್ತೇನೂ ಹೇಳಲಿಲ್ಲ, ಪಾತ್ರೆ ತೊಳೆಯಲು ಎದ್ದ. ಆ ರಾತ್ರಿ ಎಲ್ಲಾ ಅಳಿಸಿ ಮೊದಲಿನಿಂದ ಮಾಡಿದೆ. ಅಡಿಕೆ ಮರ ಹತ್ತಿ ಮದ್ದು ಬಿಡುವ ಅಪ್ಪ, ಮಧೂರು ದೇವಸ್ಥಾನದ ಆನೆ ಬೆನ್ನಿನಂಥ ಮಾಡು, ಬೇಕಲ ಕೋಟೆ, ರಾತ್ರಿಯಿಡೀ ನಡೆಯುವ ಯಕ್ಷಗಾನ. ಅದರ ಚೆಂಡೆ ಮೊಬೈಲಿನಲ್ಲಿತ್ತು, ಹಾಕಿದೆ. ಎದುರಿನ ಸಾಲಿನಲ್ಲಿ ವೈನ್ ಹಿಡಿದು ತೂಕಡಿಸುತ್ತಿದ್ದ ಒಬ್ಬರು ಬೆಚ್ಚಿ ಎದ್ದು ಕೂತರು.

ಕೊನೆಗೆ ನಕ್ಷೆ ತೋರಿಸಿ ನಮ್ಮ ಊರು ಇಲ್ಲಿ ಅಂತ ಕೇರಳದ ಮೇಲಿನ ತುದಿಗೆ ಬೆರಳಿಟ್ಟೆ. ಹಾಗಾದರೆ ನಿನ್ನ ಭಾಷೆ ಮಲಯಾಳವಾ ಅಂತ ಯಾರೋ ಕೇಳಿದರು. ಭಾರತದಲ್ಲೇ ಎಷ್ಟೋ ಸಲ ಈ ಪ್ರಶ್ನೆಗೆ ಉತ್ತರ ಹೇಳಿ ಸುಸ್ತಾಗಿದ್ದೇನೆ. 1956ರವರೆಗೆ ನಾವು ದಕ್ಷಿಣ ಕನ್ನಡ ಜಿಲ್ಲೆ, ಆ ವರ್ಷ ನವೆಂಬರ್ 1ಕ್ಕೆ ಕೇರಳ ಆಯಿತು, ಗೆರೆ ಆ ಕಡೆ ಹೋಯಿತು, ನಾವು ಇದ್ದಲ್ಲೇ ಇದ್ದೇವೆ ಅಂತ ನನ್ನ ಹರಕು ಜರ್ಮನ್‌ನಲ್ಲಿ ಹೇಳಿದೆ. ಬೇರೆಲ್ಲಾ ಕಡೆ ಇಷ್ಟು ಹೇಳಿದರೆ ಜನ ಗೊಂದಲದಿಂದ ನೋಡುತ್ತಾರೆ. ಅಲ್ಲಿ ಇಡೀ ಕೋಣೆ ನಕ್ಕಿತು. ಹಿಂದಿನಿಂದ ಒಬ್ಬರು ಕೂಗಿದರು, "ಗೆನೌ!"

ಯಾಕೆ ನಕ್ಕರು ಅಂತ ನನಗೆ ತಿಳಿಸಿದ್ದು ಮನೆಯ ಅಜ್ಜಿ, ಓಮಾ. ಎಂಬತ್ತು ವರ್ಷ, ಮೇಲಿನ ಪಟ್ಟಣದಲ್ಲಿ ಒಬ್ಬಳೇ ಇದ್ದಳು, ಬುಧವಾರ ಮಧ್ಯಾಹ್ನ ನಾನು ಅವಳಲ್ಲಿಗೆ. ಅವಳ ಅಡುಗೆಮನೆಯಲ್ಲೇ ನಾನು ಜಾಸ್ತಿ ಜರ್ಮನ್ ಕಲಿತದ್ದು. ಅಲ್ಲಿ ರೈಸ್‌ಫ್ಲಾಡನ್ ಅಂತ ಮಾಡುತ್ತಾರೆ. ಅಕ್ಕಿಯನ್ನು ಹಾಲು ಸಕ್ಕರೆಯಲ್ಲಿ ಸಣ್ಣ ಉರಿಯಲ್ಲಿ ಬೇಯಿಸಿ, ಹಿಟ್ಟಿನ ಗೂಡಿಗೆ ಸುರಿದು, ಮೇಲ್ಗಡೆ ಕಂದು ಕಲೆ ಬರುವವರೆಗೆ ಒಲೆಯೊಳಗೆ ಇಡುವುದು. ನೋಡಿದರೆ ನಮ್ಮ ಪಾಯಸ ಗಟ್ಟಿಯಾಗಿ ರೊಟ್ಟಿಯಲ್ಲಿ ಕೂತ ಹಾಗೆ. ಅಕ್ಕಿ ಬೆಳೆಯದ ಊರಿನಲ್ಲಿ ಅಕ್ಕಿಗೆ ಇಂಥ ಮರ್ಯಾದೆ! ನಾನು ಗಂಜಿ ಮಾಡಿ ಕೊಟ್ಟೆ, ಕುಚ್ಚಲಕ್ಕಿ ಸಿಗಲಿಲ್ಲ, ಇದ್ದ ಅಕ್ಕಿಯಲ್ಲೇ. ಉಪ್ಪು ಹಾಕಿ, ಉಳಿದಿದ್ದ ಎರಡು ಮಿಡಿ ಪಕ್ಕದಲ್ಲಿಟ್ಟೆ. ಓಮಾ ಒಂದು ಚಮಚ ತಿಂದು, ಮಿಡಿಯನ್ನು ನಾಲಿಗೆ ತುದಿಗೆ ತಾಗಿಸಿ, ಕಣ್ಣು ಮುಚ್ಚಿ, ಎದ್ದು ಹೋಗಿ ಸಕ್ಕರೆ ಡಬ್ಬಿ ತಂದಳು.

ಅವಳ ಅಪ್ಪ ಹುಟ್ಟುವಾಗ ಆ ಊರು ಜರ್ಮನಿ. ಒಂದನೇ ಮಹಾಯುದ್ಧ ಮುಗಿದು ವರ್ಸೇಲ್ಸ್ ಒಪ್ಪಂದವಾಗಿ 1920ರಲ್ಲಿ ಬೆಲ್ಜಿಯಂ. ಜನರ ಅಭಿಪ್ರಾಯ ಕೇಳಿದ್ದೂ ಉಂಟಂತೆ, ಆದರೆ ಗುಟ್ಟಿನ ಮತ ಅಲ್ಲ. ಬೆಲ್ಜಿಯಂ ಬೇಡ ಅನ್ನುವವರು ಅಧಿಕಾರಿಯ ಎದುರು ಹೋಗಿ ಪುಸ್ತಕದಲ್ಲಿ ಹೆಸರು ಬರೆಸಬೇಕು. ಹೆಸರು ಬರೆಸಿದರೆ ಏನಾಗುತ್ತೋ ಅಂತ ಹೆದರಿಕೆ. 33 ಸಾವಿರಕ್ಕೂ ಜಾಸ್ತಿ ಮತದಾರರಲ್ಲಿ ಬರೆಸಿದವರು 271 ಜನ. 1940ರಲ್ಲಿ ಹಿಟ್ಲರ್ ಬಂದು ಮತ್ತೆ ಜರ್ಮನಿಗೆ ಸೇರಿಸಿದ, ಓಮಾಳ ಅಪ್ಪನನ್ನು ಸೈನ್ಯಕ್ಕೆ ಎಳೆದುಕೊಂಡು ಹೋದರು. ಯುದ್ಧ ಮುಗಿದ ಮೇಲೆ ಮತ್ತೆ ಬೆಲ್ಜಿಯಂ. "ನಮ್ಮಪ್ಪ ಮನೆ ಒಮ್ಮೆಯೂ ಬದಲಾಯಿಸಲಿಲ್ಲ" ಅಂದಳು ಓಮಾ, ಹಿಟ್ಟು ಲಟ್ಟಿಸುತ್ತಾ. ನನಗೆ ನಮ್ಮಜ್ಜ ನೆನಪಾದರು. ಅವರ ವಿಳಾಸವೂ ಹಾಗೇ, ಮೊದಲು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ, ಆಮೇಲೆ ಕೇರಳದ ಕಣ್ಣೂರು ಜಿಲ್ಲೆ, 1984ರಿಂದ ಕಾಸರಗೋಡು ಜಿಲ್ಲೆ. ಮನೆ ಅದೇ, ಬಾವಿ ಅದೇ, ತೋಟ ಅದೇ.

ಎರಡೂ ಒಂದೇ ಕಥೆ ಅಂತ ಹೇಳುತ್ತಿಲ್ಲ. ಅವರದ್ದು ಎರಡು ಮಹಾಯುದ್ಧದ ನಡುವೆ ನಜ್ಜುಗುಜ್ಜಾದ ಊರು, ನಮ್ಮಲ್ಲಿ ಆದದ್ದು ರಾಜ್ಯದ ಗೆರೆ. ಮತ್ತೆ ಅಲ್ಲಿ ಯಾರನ್ನು ಕೇಳಿದರೂ ಜರ್ಮನಿಗೆ ಹೋಗಬೇಕು ಅನ್ನುವವರು ನನಗೆ ಸಿಗಲಿಲ್ಲ. ಅವರಿಗೆ ಅವರದ್ದೇ 25 ಸದಸ್ಯರ ಪಾರ್ಲಿಮೆಂಟ್ ಇದೆ, ಶಾಲೆಗಳನ್ನು ಅವರೇ ನಡೆಸುತ್ತಾರೆ, ರೇಡಿಯೊ ಇದೆ, 1927ರಿಂದ ಬರುವ ಪತ್ರಿಕೆ ಇದೆ, ಅದರ ಹೆಸರೇ 'ಗ್ರೆನ್ಸ್ ಎಕೋ', ಗಡಿಯ ಪ್ರತಿಧ್ವನಿ. ಸುಮಾರು 80 ಸಾವಿರ ಜನಕ್ಕೆ ಇಷ್ಟು. ನಮ್ಮ ಜಿಲ್ಲೆಯಲ್ಲೇ 2011ರ ಲೆಕ್ಕದಲ್ಲಿ 13 ಲಕ್ಷ ಜನ. ರಾಜ್ಯಗಳ ಗಡಿ ತಕರಾರು ನೋಡಿದ ಮಹಾಜನ್ ಆಯೋಗದ ವರದಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಅಂದಿತು, 1967ರಿಂದ ಅದು ಕಪಾಟಿನಲ್ಲಿದೆ. ಸಿಟ್ಟು ಬರಲಿಲ್ಲ ಅಂದರೆ ಸುಳ್ಳು. ಹಾಗೆಂದು ಓಮಾ "ನಿಮಗೆ ಮಲಯಾಳದವರನ್ನು ಕಂಡರೆ ಆಗುವುದಿಲ್ಲವಾ?" ಅಂತ ಕೇಳಿದಾಗ ನಗು ಬಂತು. ನನ್ನ ಪ್ರಾಣ ಸ್ನೇಹಿತೆಯೇ ಮಲಯಾಳದವಳು ಅಂದೆ.

ನಾಯಕತ್ವ ಶಿಬಿರ ಅಂತ ಎರಡು ಸಲ ಇತ್ತು. ಬಣ್ಣದ ಚೀಟಿ ಗೋಡೆಗೆ ಅಂಟಿಸುವುದು, ಕಣ್ಣಿಗೆ ಬಟ್ಟೆ ಕಟ್ಟಿ ನಡೆಸುವುದು. ಒಳ್ಳೆಯ ಊಟ, ಒಳ್ಳೆಯ ಗೆಳೆಯರು, ಚೀಟಿಯಲ್ಲಿ ಬರೆದದ್ದು ಒಂದೂ ನೆನಪಿಲ್ಲ. ಜನವರಿಯಲ್ಲಿ ಮನೆ ಬದಲಾಯಿತು, ಪದ್ಧತಿಯೇ ಹಾಗೆ, ಎರಡು ಮೂರು ಮನೆಗಳಲ್ಲಿ ಇರಬೇಕು. ಎರಡನೇ ಮನೆ ಕೆಳಪಟ್ಟಣದಲ್ಲಿ ಹೊಳೆ ಹತ್ತಿರ. ಅಲ್ಲಿ ನನಗೂ ಆ ಮನೆಯ ಹುಡುಗಿಗೂ ಸರಿ ಹೋಗಲಿಲ್ಲ. ನನ್ನ ತೆಂಗಿನೆಣ್ಣೆಯ ವಾಸನೆ ಅವಳಿಗಾಗದು, ಅವಳು ಬಾತ್‌ರೂಮಿನಲ್ಲಿ ಒಂದು ಗಂಟೆ ಇರುವುದು ನನಗಾಗದು. ಆರು ವಾರ ಒಬ್ಬರಿಗೊಬ್ಬರು ಮುಖ ಊದಿಸಿಕೊಂಡಿದ್ದೆವು. ಮಾರ್ಚಿನ ಕಾರ್ನಿವಾಲ್ ದಿನ, ರೋಸನ್‌ಮೋಂಟಾಗ್ ಅನ್ನುತ್ತಾರೆ, ಊರಿಗೆ ಊರೇ ವೇಷ ಹಾಕಿಕೊಂಡು ಬೀದಿಗಿಳಿಯುತ್ತದೆ. ಅವಳೇ ಬಂದು, "ಆ ವಿಡಿಯೊದಲ್ಲಿತ್ತಲ್ಲ, ಹಾಗೆ ನನ್ನ ಮುಖಕ್ಕೆ ಬರೆಯುತ್ತೀಯಾ?" ಅಂದಳು. ಯಕ್ಷಗಾನದ ಬಣ್ಣ ನನಗೆಲ್ಲಿ ಬರುತ್ತದೆ? ಬರೆದೆ. ರಾಕ್ಷಸನೂ ಆಗಲಿಲ್ಲ, ಬೆಕ್ಕೂ ಆಗಲಿಲ್ಲ. ಅವಳು ಕನ್ನಡಿ ನೋಡಿ ನೆಲಕ್ಕೆ ಬಿದ್ದು ನಕ್ಕಳು. ಆಮೇಲೆ ಸರಿ ಹೋಯಿತು.

ಜುಲೈಯಲ್ಲಿ ವಾಪಸು. ಹೋಗುವುದಕ್ಕಿಂತ ಬರುವುದು ಕಷ್ಟ ಅಂತ ತರಬೇತಿಯಲ್ಲಿ ಹೇಳಿದ್ದರು, ನಾನು ನಂಬಿರಲಿಲ್ಲ. ಪ್ಲಸ್ ವನ್‌ಗೆ ಸೀಟು ಹಿಡಿದಿಡುತ್ತೇವೆ ಅಂದಿದ್ದ ಒಂದು ಶಾಲೆಯವರು ಮರೆತೇಬಿಟ್ಟಿದ್ದರು, ಬೇರೆ ಕಡೆ ಓಡಾಡಿ ತಡವಾಗಿ ಸೇರಿದೆ. ಕ್ಲಾಸಿನಲ್ಲಿ ನಾನೇ ದೊಡ್ಡವಳು. ಮೊದಲ ಒಂದು ತಿಂಗಳು ಮಾತೆತ್ತಿದರೆ 'ಅಲ್ಲಿ ಹೀಗೆ, ಅಲ್ಲಿ ಹಾಗೆ'. ತಮ್ಮ ಒಂದು ದಿನ ಕೈ ಮುಗಿದು, "ಅಕ್ಕಾ, ಇನ್ನು ಓಯ್ಪನ್ ಅಂದರೆ ನಾನು ಮನೆ ಬಿಟ್ಟು ಹೋಗ್ತೇನೆ" ಅಂದ.

ಒಂದು ಬದಲಾವಣೆ ಮಾತ್ರ ಉಳಿಯಿತು. ಅದೇ ವರ್ಷ ಅಜ್ಜನ ಜೊತೆ ಒಂದು ಕಚೇರಿಗೆ ಹೋಗಿದ್ದೆ, ಏನೋ ಸರ್ಟಿಫಿಕೇಟಿಗೆ. ಮಲಯಾಳ ಫಾರಂ ಕೊಟ್ಟರು. ಮೊದಲಾಗಿದ್ದರೆ ನಾನೇ ತುಂಬಿಸಿ ಕೊಡುತ್ತಿದ್ದೆ, ನನಗೆ ಮಲಯಾಳ ಓದಲು ಬರುತ್ತದೆ. ಅವತ್ತು, ಕನ್ನಡದ್ದು ಉಂಟಾ ಅಂತ ಮಲಯಾಳದಲ್ಲೇ ಕೇಳಿದೆ. ಗುಮಾಸ್ತರು ನನ್ನ ಮುಖ ನೋಡಿದರು, ಅಜ್ಜನ ಮುಖ ನೋಡಿದರು, ಎದ್ದು ಹೋಗಿ ಕಪಾಟಿನ ಕೆಳಗಿನ ಅರೆಯಿಂದ ಒಂದು ಕಟ್ಟು ತೆಗೆದರು. ಧೂಳು ಕೊಡವಿದರೆ ಅಂಚು ಹುಳ ತಿಂದಿತ್ತು, ಅಕ್ಷರ ಕನ್ನಡದ್ದೇ. "ಯಾರೂ ಕೇಳುವುದಿಲ್ಲ ಮೋಳೆ (ಮಗಳೇ)" ಅಂದರು, ಬೇಸರದಲ್ಲಿ ಅಲ್ಲ, ಸುಮ್ನೆ ಇದ್ದದ್ದನ್ನು ಹೇಳಿದ ಹಾಗೆ. ಆಮೇಲೆ ಎಲ್ಲಿ ಹೋದರೂ ಕೇಳುತ್ತೇನೆ. ಎಲ್ಲಾ ಕಡೆ ಸಿಗುವುದಿಲ್ಲ. ಒಂದು ಕಡೆ ಬೈಸಿಕೊಂಡದ್ದೂ ಉಂಟು.

2021ರ ಜುಲೈ ಮಧ್ಯದಲ್ಲಿ ಫೋನಿನಲ್ಲಿ ಫೋಟೊಗಳು ಬರತೊಡಗಿದವು. ಓಯ್ಪನ್‌ನ ಕೆಳಪಟ್ಟಣಕ್ಕೆ ಹೊಳೆ ನುಗ್ಗಿತ್ತು, ನಾನು ದಿನಾ ನಡೆದ ಬೀದಿಯಲ್ಲಿ ಕಾರುಗಳು ಒಂದರ ಮೇಲೊಂದು ಬಿದ್ದಿದ್ದವು. ಹೊಳೆ ಹರಿದು ಹೋಗುವ ದಾರಿಯ ಊರುಗಳಲ್ಲಿ ಜನ ಸತ್ತಿದ್ದರು. ಎರಡನೇ ಮನೆಯವರಿಗೆ ಮಾಡಿದರೆ ಫೋನ್ ಹೋಗಲಿಲ್ಲ. ಮೊದಲನೇ ಹೋಸ್ಟ್ ಅಮ್ಮ ಸಂಜೆ ಸಿಕ್ಕಿದಳು. ಎಲ್ಲರೂ ಮೇಲೆ ಓಮಾಳ ಮನೆಯಲ್ಲಿದ್ದೇವೆ, ಅವರೂ ಇಲ್ಲೇ ಇದ್ದಾರೆ, ಅವರ ಅಡುಗೆಮನೆ ಪೂರ್ತಿ ಕೆಸರು ಅಂದಳು. ಹಿಂದಿನಿಂದ ಓಮಾ ಏನೋ ಕೂಗಿ ಕೇಳಿದಳು, ಅವರ ಮನೆ ಭಾಷೆ ಪ್ಲಾಟ್‌ನಲ್ಲಿ. ಅದು ನನಗೆ ಯಾವತ್ತೂ ಬರಲಿಲ್ಲ. "ಏನಂತೆ?" ಅಂದೆ.

"ನಿಮ್ಮಲ್ಲಿ ಮಳೆ ಹೇಗಿದೆ ಅಂತ ಕೇಳುತ್ತಿದ್ದಾಳೆ."

ನಮ್ಮಲ್ಲಿ ಆಟಿ, ತುಳುವರ ಮಳೆ ತಿಂಗಳು, ಹಿಡಿಯುವ ಹೊತ್ತು, ಹಂಚಿನ ಮೇಲೆ ಬೆಳಿಗ್ಗೆಯಿಂದ ಹೊಯ್ಯುತ್ತಲೇ ಇತ್ತು. ಫೋನನ್ನು ಕಿಟಕಿಯಿಂದ ಹೊರಗೆ ಹಿಡಿದೆ.